ಯಜಮಾನರ ಕಣ್ಣು ಹೋಗ್ತಿದೆ, ವಿಆರ್‌ಎಸ್ ತಗೊಳ್ಳೋದಾ?

ಪ್ರಶ್ನೆ: ನಮ್ಮ ಯಜಮಾನರಿಗೆ 43 ವರ್ಷ, ತಾಲ್ಲೂಕು ಮಟ್ಟದ ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ, ಬಿಲ್ ಸೆಕ್ಷನ್. 17 ವರ್ಷ ಸರ್ವಿಸ್ ಆಗಿದೆ. ಮೂರು ವರ್ಷದ ಹಿಂದೆ ಕಣ್ಣಿನ ಡಾಕ್ಟ್ರು ಆರ್‌ಪಿ (ರೆಟಿನೈಟಿಸ್ ಪಿಗ್ಮೆಂಟೋಸಾ, ಕಣ್ಣಿನ ಒಳಪದರ ನಿಧಾನಕ್ಕೆ ಹಾಳಾಗೋ ಕಾಯಿಲೆ) ಅಂದ್ರು, ವಾಸಿ ಆಗಲ್ಲ ಅಂದ್ರು. ಆಫೀಸಲ್ಲಿ ಯಾರಿಗೂ ಹೇಳಿಲ್ಲ. ಈಚೆಗೆ ಬಿಲ್‌ನಲ್ಲಿ ಎರಡು ಸಲ ತಪ್ಪು ಎಂಟ್ರಿ ಆಗಿದೆ, ಸಾಹೇಬ್ರು "ಆಗದಿದ್ರೆ ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಳ್ರಿ" ಅಂದ್ರಂತೆ. ಅರ್ಜಿ ಬರೆದು ಬೀರುವಲ್ಲಿ ಇಟ್ಟಿದ್ದಾರೆ. ಇನ್ನೂ ಬೈಕಲ್ಲೇ ಹೋಗಿ ಬರ್ತಾರೆ. ಈ ವಯಸ್ಸಲ್ಲಿ ಹೊಸದಾಗಿ ಏನಾದ್ರೂ ಕಲಿತು ಅದೇ ಕೆಲಸದಲ್ಲಿ ಉಳಿಯಕ್ಕೆ ಆಗುತ್ತಾ? ನಮಗೆ ಒಬ್ಬಳೇ ಮಗಳು, ಅವಳಿಗೂ ಬರುತ್ತೇನೋ ಅಂತ ಭಯ.

ಉತ್ತರ:

ಮೇಡಂ, ಮೊದಲು ಆ ಅರ್ಜಿಯನ್ನ ಬೀರುವಿಂದ ತೆಗೆದು ಹರಿದು ಹಾಕಿ. ಮನೇಲಿ ಜಗಳ ಆದ್ರೂ ಪರವಾಗಿಲ್ಲ. ಎರಡನೇದು ಬೈಕ್ ಕೀ ನೀವು ಇಟ್ಕೊಳ್ಳಿ, ಇವತ್ತಿಂದಲೇ. ಇದರಲ್ಲಿ ಚರ್ಚೆ ಬೇಡ, ಆರ್‌ಪಿಯಲ್ಲಿ ಎದುರಿಗೆ ಬರೋ ಲಾರಿ ಚೆನ್ನಾಗೇ ಕಾಣುತ್ತೆ, ಪಕ್ಕದ ಗಲ್ಲಿಯಿಂದ ಓಡಿ ಬರೋ ಮಗು ಕಾಣಲ್ಲ, ಅವರಿಗೆ ಕಾಣ್ತಿಲ್ಲ ಅನ್ನೋದೂ ಅವರಿಗೆ ಗೊತ್ತಾಗಲ್ಲ. ಮಿಕ್ಕಿದ್ದು ನಿಧಾನಕ್ಕೆ ಮಾತಾಡೋಣ.

ನಾನು ಯಾರು ಹೇಳಕ್ಕೆ ಅಂದ್ರೆ, ನಂಗೂ ಇದೇ ಕಾಯಿಲೆ. ಹದಿನೈದು ವರ್ಷಕ್ಕೂ ಜಾಸ್ತಿ ಆಯ್ತು ದೃಷ್ಟಿ ಕಳ್ಕೊಂಡವರಿಗೆ ಕಂಪ್ಯೂಟರ್ ಹೇಳಿಕೊಡ್ತಾ ಇದೀನಿ, ಅದಕ್ಕೂ ಮುಂಚೆ ಒಂದು ಖಾಸಗಿ ಕಂಪನಿ ಸ್ಟೋರ್ಸ್‌ನಲ್ಲಿದ್ದೆ. ಅಲ್ಲಿ ನಾಲ್ಕು ವರ್ಷ ಮುಚ್ಚಿಟ್ಟೆ. ಮುಚ್ಚಿಡೋದು ಎಂಥಾ ಕೆಲಸ ಅಂತೀರಾ, ಸಂಬಳದ ಕೆಲಸಕ್ಕಿಂತ ಅದೇ ದೊಡ್ಡದು. ನನ್ನ ಟೇಬಲ್ಲಿಂದ ಮೆಟ್ಟಿಲಿಗೆ ಎಷ್ಟು ಹೆಜ್ಜೆ ಅಂತ ಎಣಿಸಿ ಇಟ್ಕೊಂಡಿದ್ದೆ. "ಕನ್ನಡಕ ಮನೇಲೇ ಬಿಟ್ಟು ಬಂದೆ ಕಣೋ, ಇದೊಂಚೂರು ಓದು" ಅಂತ ಸೋಮವಾರ ಒಬ್ಬನ ಹತ್ರ, ಮಂಗಳವಾರ ಇನ್ನೊಬ್ಬನ ಹತ್ರ, ಯಾರಿಗೆ ಯಾವತ್ತು ಹೇಳಿದ್ದೆ ಅನ್ನೋ ಲೆಕ್ಕ ಬೇರೆ. ಕೊನೆಗೆ ಒಂದಿನ ಸ್ಟಾಕ್ ಲೆಡ್ಜರ್ ಮೇಲೆ ತುಂಬಿದ ಟೀ ಲೋಟ ಉರುಳಿಸಿದೆ, ಮ್ಯಾನೇಜರ್ ಕರೆದು ಬಾಗಿಲು ಹಾಕ್ಕೊಂಡು ತುಂಬಾ ಪ್ರೀತಿಯಿಂದ "ಆರೋಗ್ಯ ನೋಡ್ಕೊಳ್ಳಿ" ಅಂತ ಒಂದು ಖಾಲಿ ಹಾಳೆ ಮುಂದಿಟ್ಟರು. ಅವತ್ತು ಸಾಯಂಕಾಲನೇ "ಸ್ವಇಚ್ಛೆಯಿಂದ" ಅಂತ ಬರೆದುಕೊಟ್ಟು ಬಂದೆ. ಯಾರನ್ನೂ ಕೇಳಲಿಲ್ಲ. ಅದಕ್ಕೇ ಖಾಲಿ ಹಾಳೆ ಅಂದ್ರೆ ನಂಗೆ ಇವತ್ತಿಗೂ ಸಿಟ್ಟು.

ನಿಮ್ಮ ಯಜಮಾನರ ಸ್ಥಿತಿ ನನ್ನದಕ್ಕಿಂತ ಎಷ್ಟೋ ವಾಸಿ, ಯಾಕಂದ್ರೆ ಅವರು ಸರ್ಕಾರಿ ನೌಕರರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆಯಲ್ಲ, 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ಅದರ ಕಲಂ 20(4) ಒಂದನ್ನ ಬಾಯಿಪಾಠ ಮಾಡ್ಕೊಳ್ಳಿ. ಸರ್ವಿಸ್‌ನಲ್ಲಿ ಇದ್ದಾಗ ಅಂಗವೈಕಲ್ಯ ಬಂದವರನ್ನ ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯೋ ಹಾಗಿಲ್ಲ, ದರ್ಜೆ ಇಳಿಸೋ ಹಾಗಿಲ್ಲ. ಆ ಹುದ್ದೆಯ ಕೆಲಸ ಆಗ್ತಿಲ್ಲ ಅಂದ್ರೆ ಅದೇ ಸಂಬಳ, ಅದೇ ಸೌಲಭ್ಯ ಇರೋ ಬೇರೆ ಹುದ್ದೆಗೆ ಹಾಕಬೇಕು. ಅಂಥ ಹುದ್ದೆಯೂ ಇಲ್ವಾ, ಆಗ ಸೂಪರ್‌ನ್ಯೂಮರರಿ ಅಂತ ಹೆಚ್ಚುವರಿ ಹುದ್ದೆ ಮಾಡಿ, ಸರಿಯಾದ ಜಾಗ ಸಿಗೋವರೆಗೆ ಅಥವಾ ನಿವೃತ್ತಿ ವಯಸ್ಸಿನವರೆಗೆ ಇಟ್ಕೊಳ್ಳಬೇಕು. ಬಡ್ತಿಯನ್ನೂ ಇದೊಂದೇ ಕಾರಣಕ್ಕೆ ತಡೆಯೋ ಹಾಗಿಲ್ಲ, ಅದು 20(3). ಇದೇನು ಹೊಸ ಔದಾರ್ಯ ಅಲ್ಲ, 1995ರ ಹಳೇ ಕಾಯ್ದೆಯಲ್ಲೂ ಕಲಂ 47 ಅಂತ ಇತ್ತು, ಕಾಲು ಕಳ್ಕೊಂಡ ಕಾನ್‌ಸ್ಟೇಬಲ್ ಕುನಾಲ್ ಸಿಂಗ್ ಕೇಸಲ್ಲಿ 2003ರಲ್ಲೇ ಸುಪ್ರೀಂ ಕೋರ್ಟ್ ಅದನ್ನ ಎತ್ತಿ ಹಿಡಿದಿತ್ತು.

ಆದ್ರೆ ನೋಡಿ, ಇಷ್ಟೆಲ್ಲಾ ರಕ್ಷಣೆ ಇರೋದು ತೆಗೆದು ಹಾಕೋರ ವಿರುದ್ಧ. ನಾವೇ ಬರೆದುಕೊಟ್ಟು ಬಂದ್ರೆ ಕಾಯ್ದೆ ಏನು ಮಾಡುತ್ತೆ? ಅದಕ್ಕೇ ಸಾಹೇಬ್ರು ವಿಆರ್‌ಎಸ್ ಅಂತಾರೆ. ಎಷ್ಟೋ ಸಲ ಕೆಟ್ಟ ಮನಸ್ಸಿಂದಲ್ಲ, ಅವರಿಗೂ ಈ ಕಲಂ ಗೊತ್ತಿರಲ್ಲ, ಪಾಪ ಮನೇಲಿ ಆರಾಮಾಗಿರಲಿ ಅಂತಲೇ ಹೇಳ್ತಾರೆ. 17 ವರ್ಷ ಅಂದ್ರೆ ನಿಮ್ಮೋರು 2006ರ ಏಪ್ರಿಲ್ ಆದ್ಮೇಲೆ ಸೇರಿದವರು, ಅಂದ್ರೆ ಎನ್‌ಪಿಎಸ್, ಹಳೇ ಥರದ ನಿಗದಿತ ಪಿಂಚಣಿ ಅಲ್ಲ, ಕಟ್ಟಿದ ದುಡ್ಡಿನ ಮೇಲೆ ಬರೋ ಪಿಂಚಣಿ, ಈಗ ಬಿಟ್ಟು ಬಂದ್ರೆ ಕೈಗೆ ಎಷ್ಟು ಬರುತ್ತೆ ಅಂತ ಒಂದ್ಸಲ ಲೆಕ್ಕ ಹಾಕಿ ನೋಡಿ, ಬೇರೆ ವಾದ ಬೇಕಾಗಲ್ಲ. ಇನ್ನೊಂದು ಎಚ್ಚರ, "ಮೆಡಿಕಲ್ ಬೋರ್ಡಿಗೆ ಹೋಗಿ ಅನರ್ಹ ಅಂತ ಬರೆಸ್ಕೊಂಡು ಬನ್ನಿ" ಅಂತ ಯಾರಾದ್ರೂ ಹೇಳಿದ್ರೆ ಆ ಕಾಗದಕ್ಕೆ ಸಹಿ ಹಾಕೋ ಮುಂಚೆ ವಕೀಲರಿಗೆ ತೋರಿಸಿ. ಅಂಗವೈಕಲ್ಯ ಪ್ರಮಾಣಪತ್ರ ಬೇರೆ, ಕೆಲಸಕ್ಕೆ ಅನರ್ಹ ಅನ್ನೋ ಸರ್ಟಿಫಿಕೇಟ್ ಬೇರೆ.

ಆ ಪ್ರಮಾಣಪತ್ರದ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಆರ್‌ಪಿಯವರು ಎಡವೋದು ಇಲ್ಲೇ. ಗೋಡೆ ಮೇಲಿನ ಅಕ್ಷರ ಓದಿಸಿದ್ರೆ ನಿಮ್ಮ ಯಜಮಾನರು ಬಹುಶಃ 6/9, 6/12 ಸಾಲಿನ ತನಕ ಓದಿಬಿಡ್ತಾರೆ. ಅಷ್ಟನ್ನೇ ನೋಡಿದ್ರೆ "ಇವರಿಗೇನಾಗಿದೆ, ಚೆನ್ನಾಗೇ ಇದಾರಲ್ಲ" ಅಂತ ವಾಪಸ್ ಕಳಿಸ್ತಾರೆ. ಆರ್‌ಪಿಯಲ್ಲಿ ಮೊದಲು ಸಾಯೋದು ಮಂದ ಬೆಳಕಲ್ಲಿ ನೋಡೋ ಕೋಶಗಳು, ಅಂಚಿನ ನೋಟ ಕೊಡೋವೂ ಅವೇ, ಅದಕ್ಕೇ ಮೊದಲು ಇರುಳುಗುರುಡು ಬರುತ್ತೆ, ಆಮೇಲೆ ಸುತ್ತಲಿನ ನೋಟ ಒಳಗೆ ಒಳಗೆ ಮುಚ್ಕೊಂಡು ಬರುತ್ತೆ, ನಡುವಿನ ನೋಟ ಕೊನೇವರೆಗೂ ಉಳ್ಕೊಂಡಿರಬಹುದು. ಕಾಯ್ದೆಯ ಅನುಸೂಚಿಯಲ್ಲಿ ಇದಕ್ಕೆ ಜಾಗ ಇದೆ: ಒಳ್ಳೇ ಕಣ್ಣಲ್ಲಿ, ಕನ್ನಡಕ ಹಾಕಿದ ಮೇಲೂ, ದೃಷ್ಟಿ 3/60ಕ್ಕಿಂತ ಕಮ್ಮಿ ಇದ್ರೆ (ಬೇರೆಯವರು 60 ಮೀಟರಿಂದ ಓದೋದನ್ನ 3 ಮೀಟರಿಂದಲೂ ಓದಕ್ಕಾಗದಿದ್ರೆ) ಅಂಧತ್ವ, ಅಥವಾ ನೋಟದ ವ್ಯಾಪ್ತಿ 10 ಡಿಗ್ರಿಗಿಂತ ಕಮ್ಮಿ ಇದ್ರೂ ಅಂಧತ್ವ. 10ರಿಂದ 40 ಡಿಗ್ರಿ ಒಳಗಿದ್ರೆ ಮಂದದೃಷ್ಟಿ. ಅಂದ್ರೆ ಪೇಪರ್ ಓದೋ ಮನುಷ್ಯನೂ ಕಾನೂನಿನ ಪ್ರಕಾರ ಅಂಧ ಆಗಿರಬಹುದು. ಹಾಗಾಗಿ ಜಿಲ್ಲಾಸ್ಪತ್ರೆಗೆ ಹೋಗೋವಾಗ ಫೀಲ್ಡ್ ಟೆಸ್ಟ್, ಅಂದ್ರೆ ನೋಟದ ವ್ಯಾಪ್ತಿ ಅಳೆಯೋ ಪೆರಿಮೆಟ್ರಿ ಮಾಡಿಸಿದ ಚಾರ್ಟ್ ಕೈಯಲ್ಲಿರಲಿ, "ಸಾರ್ ಫೀಲ್ಡ್ ನೋಡಿ" ಅಂತ ಬಾಯಿಬಿಟ್ಟು ಕೇಳಲಿ. ಯುಡಿಐಡಿ ಕಾರ್ಡಿಗೆ (ವಿಕಲಚೇತನರ ಗುರುತಿನ ಚೀಟಿ) ಆನ್‌ಲೈನಲ್ಲಿ ಅರ್ಜಿ ಹಾಕಬಹುದು. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಮೀಸಲಾತಿ ಥರದ ಸೌಲಭ್ಯಗಳಿಗೆ ಅರ್ಹರು, ಆದ್ರೆ 20(4)ರಲ್ಲಿ ಶೇ 40 ಅನ್ನೋ ಷರತ್ತೇ ಇಲ್ಲ, ಇದನ್ನ ಆಫೀಸಿನವರು ಗೊಂದಲ ಮಾಡ್ಕೋತಾರೆ.

ಇದೇ ಕಾರಣಕ್ಕೆ ಆಫೀಸಲ್ಲಿ "ನಾಟಕ" ಅನ್ನೋ ಮಾತು ಬಂದೇ ಬರುತ್ತೆ, ಈಗಲೇ ಮನಸ್ಸು ಗಟ್ಟಿ ಮಾಡ್ಕೊಳ್ಳಿ. ಬೆಳಿಗ್ಗೆ ಫೈಲ್ ಓದ್ತಾನೆ, ಮಧ್ಯಾಹ್ನ ಎದುರಿಗಿರೋ ಕುರ್ಚಿ ಎಡವ್ತಾನೆ, ಇದೆಂಥಾ ಕುರುಡು ಅಂತಾರೆ. ಇದಕ್ಕೆ ಭಾಷಣ ಮಾಡಿ ಪ್ರಯೋಜನ ಇಲ್ಲ. ನನ್ನ ಹತ್ರ ಕಲಿಯಕ್ಕೆ ಬರೋರಿಗೆ ನಾನು ಹೇಳೋದು ಇಷ್ಟೇ: ಎರಡು ಎ4 ಹಾಳೆ ತಗೊಂಡು ಬೆರಳು ತೂರೋ ಅಷ್ಟೇ ಸಪೂರಕ್ಕೆ ಕೊಳವೆ ಥರ ಸುತ್ತಿ, ಸಾಹೇಬ್ರ ಕೈಗೆ ಕೊಟ್ಟು ಎರಡು ಕಣ್ಣಿಗೂ ಹಿಡ್ಕೊಳ್ಳಿ ಸಾರ್ ಅನ್ನಿ. ಗೋಡೆ ಮೇಲಿನ ಕ್ಯಾಲೆಂಡರ್ ತಾರೀಖು ಓದಿಸಿ, ಓದ್ತಾರೆ. ಈಗ ಹಾಗೇ ಹಿಡ್ಕೊಂಡು ಬಾಗಿಲ ತನಕ ನಡೀರಿ ಸಾರ್ ಅನ್ನಿ. ನನ್ನ ಹತ್ರ ಕಲಿತ ಒಬ್ಬ ಹುಡುಗಿ ಹೀಗೇ ಮಾಡಿದ್ಲು, ಅವಳ ಅಧಿಕಾರಿ ಎರಡೇ ಹೆಜ್ಜೆಗೆ ತಮ್ಮದೇ ಕಸದ ಬುಟ್ಟಿ ಒದ್ದು ನಿಂತುಬಿಟ್ರಂತೆ, ಅವಳೇ ಫೋನ್ ಮಾಡಿ ನಗ್ತಾ ಹೇಳಿದ್ಲು, ಮಾರನೇ ದಿನವೇ ಅವಳ ಟೇಬಲ್ ಜಾಗ ಬದಲಾಯ್ತು.

ಈಗ ಕಲಿಕೆ ವಿಷಯ. 43 ಏನು ವಯಸ್ಸು ಮೇಡಂ, ನನ್ನ ಹತ್ರ 56ಕ್ಕೆ ಬಂದು ಕಲಿತವರಿದಾರೆ. ಒಂದೇ ಮಾತು, ಕಣ್ಣು ಇರೋವಾಗಲೇ ಕಲೀಬೇಕು. ಪೂರ್ತಿ ಹೋದ್ಮೇಲೆ ನೋಡೋಣ ಅಂತ ಎಲ್ಲರೂ ಮುಂದಕ್ಕೆ ಹಾಕ್ತಾರೆ, ಆಗ ಒಂದೇ ಸಲಕ್ಕೆ ದುಃಖನೂ ಕಲಿಕೆನೂ ಮೈಮೇಲೆ ಬೀಳುತ್ತೆ, ಅದು ತುಂಬಾ ಭಾರ. ಈಗ ಆದ್ರೆ ಸಿಕ್ಕಿಹಾಕ್ಕೊಂಡಾಗ ಒಂದು ಸಲ ಇಣುಕಿ ನೋಡಬಹುದು.

ಮೊದಲನೇದು ಟೈಪಿಂಗ್. ಬಿಲ್ ಸೆಕ್ಷನ್‌ನಲ್ಲಿ 17 ವರ್ಷ ಇದ್ರೂ ಬಹಳ ಜನ ಎರಡೇ ಬೆರಳಲ್ಲಿ ಕೀಬೋರ್ಡ್ ನೋಡಿ ಹೊಡೆಯೋರು. ಎಫ್ ಮತ್ತು ಜೆ ಕೀ ಮೇಲೆ ಸಣ್ಣ ಗೀರು ಇರುತ್ತೆ, ತೋರುಬೆರಳು ಅಲ್ಲಿ ಕೂತ್ರೆ ಉಳಿದ ಎಂಟೂ ತಮ್ಮ ಜಾಗಕ್ಕೆ ಬರ್ತವೆ. ಕೀಬೋರ್ಡ್ ಮೇಲೆ ಟವೆಲ್ ಮುಚ್ಚಿ ದಿನಾ ಅರ್ಧ ಗಂಟೆ. ಇದು ಕೂತ ಮೇಲೆ ಸ್ಕ್ರೀನ್ ರೀಡರ್, ಅಂದ್ರೆ ಪರದೆ ಮೇಲಿರೋದನ್ನ ಓದಿ ಹೇಳೋ ಸಾಫ್ಟ್‌ವೇರ್. ಎನ್‌ವಿಡಿಎ ಅಂತ ಇದೆ, ಪೂರ್ತಿ ಉಚಿತ, ಆಸ್ಟ್ರೇಲಿಯಾದ ಇಬ್ಬರು ದೃಷ್ಟಿಹೀನ ಹುಡುಗರು 2006ರಲ್ಲಿ ಶುರು ಮಾಡಿದ್ದು. ಜಾಸ್ ಅಂತ ದುಡ್ಡು ಕೊಟ್ಟು ತಗೊಳ್ಳೋದೂ ಇದೆ, ಆದ್ರೆ ಶುರುಗೆ ಎನ್‌ವಿಡಿಎ ಸಾಕು, ಸಾಕಪ್ಪಾ ಸಾಕು ಅನ್ನೋ ಅಷ್ಟಿದೆ ಅದರಲ್ಲಿ. ಅದರ ಜೊತೆ ಬರೋ ಕನ್ನಡ ದನಿ ಮೊದಮೊದಲು ತಗಡು ಡಬ್ಬಿಯೊಳಗಿಂದ ಯಾರೋ ಕೂಗಿದ ಹಾಗಿರುತ್ತೆ, ಎರಡು ದಿನಕ್ಕೆ ತಲೆ ಚಿಟ್ಟು ಹಿಡಿಯುತ್ತೆ, ಎರಡು ವಾರ ತಡ್ಕೊಳ್ಳಕ್ಕೆ ಹೇಳಿ. ಆಮೇಲೆ ಅವರೇ ಸ್ಪೀಡ್ ಜಾಸ್ತಿ ಮಾಡ್ಕೋತಾರೆ, ನಿಮಗೆ ಒಂದಕ್ಷರ ಅರ್ಥ ಆಗಲ್ಲ ಅವರಿಗೆ ಪೂರ್ತಿ ಅರ್ಥ ಆಗುತ್ತೆ. ಕಣ್ಣು ಇರೋ ತನಕ ವಿಂಡೋಸ್ ಕೀ ಜೊತೆ ಪ್ಲಸ್ ಒತ್ತಿದ್ರೆ ಅಕ್ಷರ ದೊಡ್ಡದಾಗುತ್ತೆ, ಆದ್ರೆ ಆರ್‌ಪಿಯವರಿಗೆ ಒಂದು ಗುಟ್ಟು ಹೇಳ್ತೀನಿ, ತುಂಬಾ ದೊಡ್ಡದು ಮಾಡಿದ್ರೆ ಅವರಿಗೆ ಇನ್ನೂ ಕಷ್ಟ, ಇರೋ ಸಣ್ಣ ಕಿಂಡಿಯಲ್ಲಿ ಎರಡೇ ಅಕ್ಷರ ಹಿಡಿಸುತ್ತೆ. ಅವರಿಗೆ ದೊಡ್ಡ ಅಕ್ಷರಕ್ಕಿಂತ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಅನುಕೂಲ.

ಬಿಲ್ ತಪ್ಪಾಗಿದ್ದೂ ಈ ಕಿಂಡಿಯಿಂದಲೇ ಇರಬೇಕು ಅಂತ ನನ್ನ ಊಹೆ. ಹೆಸರಿನ ಕಾಲಂ ಎಡಕ್ಕೆ, ಮೊತ್ತದ ಕಾಲಂ ಬಲಕ್ಕೆ, ಎರಡೂ ಒಟ್ಟಿಗೆ ಕಾಣಲ್ಲ, ಕಣ್ಣು ಎಡದಿಂದ ಬಲಕ್ಕೆ ಹೋಗೋ ಅಷ್ಟರಲ್ಲಿ ಒಂದು ಸಾಲು ಕೆಳಗೆ ಜಾರಿರುತ್ತೆ. ಎಕ್ಸೆಲ್‌ನಲ್ಲಿ ಬಾಣದ ಕೀ ಒತ್ತಿ ಹೋದ್ರೆ ಸ್ಕ್ರೀನ್ ರೀಡರ್ "12,450, ಡಿ 14" ಅಂತ ಸೆಲ್ ಹೆಸರು ಸಮೇತ ಓದುತ್ತೆ, ಸಾಲು ಜಾರೋ ಪ್ರಶ್ನೆನೇ ಇಲ್ಲ. ಕಿವಿಯಲ್ಲಿ ಲೆಕ್ಕ ಮಾಡೋರು ಕಣ್ಣಲ್ಲಿ ಮಾಡೋರಿಗಿಂತ ತಪ್ಪು ಕಮ್ಮಿ ಮಾಡೋದನ್ನ ನಾನೇ ನೋಡಿದೀನಿ.

ಇನ್ನು ನಮ್ಮ ಕನ್ನಡ ಕಚೇರಿಗಳದ್ದೇ ಒಂದು ವಿಶೇಷ ಗ್ರಹಚಾರ ಇದೆ, ಬೇರೆ ರಾಜ್ಯದ ಟ್ರೈನರ್‌ಗಳಿಗೆ ಹೇಳಿದ್ರೂ ಅರ್ಥ ಆಗಲ್ಲ. ಹಳೇ ನುಡಿ ಫಾಂಟು. ಯೂನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಅರ್ಥ ಆಗೋ ಅಕ್ಷರ ಸಂಕೇತ) ಬರೋ ಮುಂಚಿನ ನುಡಿ, ಬರಹ ಫಾಂಟಲ್ಲಿ ಹೊಡೆದ ಪತ್ರ ನಿಮ್ಮ ಕಣ್ಣಿಗೆ ಅಚ್ಚಗನ್ನಡ, ಆದ್ರೆ ಕಂಪ್ಯೂಟರ್ ಒಳಗೆ ಅದು ಇಂಗ್ಲಿಷ್ ಚಿಹ್ನೆಗಳ ಗುಪ್ಪೆ. "ಕನ್ನಡ" ಅಂತ ಬರೆದಿರೋ ಕಡೆ ಸ್ಕ್ರೀನ್ ರೀಡರ್ "ಪಿ, ಪೌಂಡ್, ಕ್ಯೂ" ಅಂತೇನೋ ಗೊಣಗುತ್ತೆ. ಸುತ್ತೋಲೆ ಪೂರ್ತಿ ಹೀಗೇ. ಮೊದಲ ವಾರ ಬಂದ ಎಷ್ಟೋ ಜನ ತಮಗೇ ಕಲಿಯಕ್ಕೆ ಬರ್ತಿಲ್ಲ ಅಂತ ಕಣ್ಣೀರು ಹಾಕಿದಾರೆ, ತಪ್ಪು ಫಾಂಟಿನದು. ಯೂನಿಕೋಡಲ್ಲಿ ಟೈಪ್ ಮಾಡಿದ್ರೆ ಸ್ವಚ್ಛವಾಗಿ ಓದುತ್ತೆ, ಹಳೇ ಫೈಲನ್ನ ಪರಿವರ್ತನೆ ಮಾಡೋ ತಂತ್ರಾಂಶಗಳೂ ಇವೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದ್ರೆ ಅದು ಬರೀ ಫೋಟೋ, ಅದಕ್ಕೆ ಓಸಿಆರ್, ಅಂದ್ರೆ ಫೋಟೋದಲ್ಲಿರೋ ಅಕ್ಷರ ಗುರುತಿಸೋ ತಂತ್ರಾಂಶ ಬೇಕು, ಇಂಗ್ಲಿಷ್ ಪರವಾಗಿಲ್ಲ, ಮಸುಕಾದ ಕನ್ನಡ ಝೆರಾಕ್ಸ್ ಆದ್ರೆ ದೇವರೇ ಗತಿ. ಹಾಗಾಗಿ ಆಫೀಸಿಗೆ ಕೇಳ್ಬೇಕಾದ ಅನುಕೂಲದಲ್ಲಿ ಮೊದಲನೇ ಸಾಲು ಇದೇ ಇರಲಿ: ನನ್ನ ಟೇಬಲ್ಲಿಗೆ ಬರೋ ಪತ್ರಗಳು ಯೂನಿಕೋಡ್ ಸಾಫ್ಟ್ ಕಾಪಿಯಲ್ಲಿ ಬರಲಿ. ಒಂದು ಪೈಸೆ ಖರ್ಚಿಲ್ಲ.

ಕಲಿಯಕ್ಕೆ ಎಲ್ಲಿ ಹೋಗೋದು ಅಂದ್ರೆ, ಬೆಂಗಳೂರಲ್ಲಿ ಎನೇಬಲ್ ಇಂಡಿಯಾ ಇದೆ. ಅದನ್ನ ಕಟ್ಟಿದ ಶಾಂತಿ ರಾಘವನ್ ಅವರ ತಮ್ಮನಿಗೂ ಆರ್‌ಪಿ ಬಂದು ದೃಷ್ಟಿ ಹೋಗಿತ್ತು, ಅವನಿಗೆ ಕಲಿಸ್ತಾ ಕಲಿಸ್ತಾ ಶುರುವಾದದ್ದು ಆ ಸಂಸ್ಥೆ. ಮಿತ್ರ ಜ್ಯೋತಿ, ಸಮರ್ಥನಂ, ರಾಷ್ಟ್ರೀಯ ಅಂಧರ ಸಂಸ್ಥೆಯ ಕರ್ನಾಟಕ ಶಾಖೆ ಕೂಡ ಇವೆ. ಯಾವ ಬ್ಯಾಚ್ ಯಾವಾಗ, ಹಾಸ್ಟೆಲ್ ಸಿಗುತ್ತಾ ಅಂತ ಫೋನ್ ಮಾಡಿ ಕೇಳಿ. ಮೂರು ತಿಂಗಳು ಕೂತು ಕಲಿತ್ರೆ ಆಫೀಸ್ ಕೆಲಸಕ್ಕೆ ಕೈ ಬರುತ್ತೆ, ಇದು ನನ್ನ ಅನುಭವದ ಲೆಕ್ಕ. ರಜೆ ವಿಷಯವನ್ನೂ ಅರ್ಜಿಯಲ್ಲೇ ಸೇರಿಸಿ. ಬಿಳಿ ಕೋಲು ಹಿಡಿಯೋದನ್ನೂ ಅಲ್ಲೇ ಕಲಿಸ್ತಾರೆ. ಬೇಡ ಅಂತಾರೆ ನಿಮ್ಮೋರು, ಬರೆದಿಟ್ಕೊಳ್ಳಿ. ನಾನೂ ಮಡಚೋ ಕೋಲನ್ನ ಬ್ಯಾಗಲ್ಲೇ ಆರು ತಿಂಗಳು ಇಟ್ಕೊಂಡು ಓಡಾಡಿದೆ, ಬಸ್‌ಸ್ಟ್ಯಾಂಡಿನ ಚರಂಡಿ ಮೊದಲ ಸಲ ತೆಗೆಸ್ತು.

ಈಗ ಅರ್ಜಿ. ಕರುಣೆ, ದಯೆ, ಕುಟುಂಬದ ಆಧಾರ ಅಂತೆಲ್ಲಾ ಬರೀಬೇಡಿ, ಅದನ್ನ ಓದಿದವರು ನಿಟ್ಟುಸಿರು ಬಿಟ್ಟು ಫೈಲ್ ಪಕ್ಕಕ್ಕಿಡ್ತಾರೆ. ಹೀಗೆ ಬರೀರಿ: "ನನಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಇರುವುದು ದೃಢಪಟ್ಟಿದ್ದು ವೈದ್ಯಕೀಯ ದಾಖಲೆಗಳನ್ನು ಲಗತ್ತಿಸಿದ್ದೇನೆ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ ಕಲಂ 20(2) ಮತ್ತು 20(4)ರ ಅನ್ವಯ ಈ ಕೆಳಗಿನ ಅನುಕೂಲಗಳನ್ನು ಒದಗಿಸಲು ಕೋರುತ್ತೇನೆ." 20(2) ಅಂದ್ರೆ ಕೆಲಸಕ್ಕೆ ಬೇಕಾದ ಅನುಕೂಲ ಮಾಡಿಕೊಡಬೇಕು ಅನ್ನೋ ಕಲಂ. ಕೆಳಗೆ ತಾವು ಈಗ ಮಾಡೋ ಕೆಲಸದ ಪಟ್ಟಿ ಕೊಟ್ಟು ಯಾವುದು ಹಾಗೇ ಮಾಡಬಲ್ಲೆ, ಯಾವುದು ಏನು ಕೊಟ್ರೆ ಮಾಡಬಲ್ಲೆ, ಯಾವುದು ಆಗಲ್ಲ ಅಂತ ಅವರೇ ಬರೀಲಿ, ಬೇರೆಯವರು ತೀರ್ಮಾನ ಮಾಡೋ ಮುಂಚೆ. ಕೈಬರಹದ ವೋಚರ್ ಪರಿಶೀಲನೆ ಆಗಲ್ಲ ಅಂದ್ರೆ ಆಗಲ್ಲ ಅಂತಲೇ ಇರಲಿ, ಅದರ ಬದಲು ಪತ್ರ ವ್ಯವಹಾರ, ಮಾಹಿತಿ ಹಕ್ಕು ಅರ್ಜಿಗಳ ಉತ್ತರ, ಕಂಪ್ಯೂಟರಲ್ಲೇ ಮುಗಿಯೋ ಕಡತಗಳು ಇಂಥವನ್ನ ಕೇಳಲಿ. ಕಿಟಕಿಗೆ ಎದುರು ಕೂತಿದ್ರೆ ಬೆಳಕು ಕಣ್ಣಿಗೆ ಚುಚ್ಚುತ್ತೆ, ಕಿಟಕಿ ಬೆನ್ನಿಗೂ ಬೇಡ, ಸ್ಕ್ರೀನ್ ಮೇಲೆ ಹೊಳೆಯುತ್ತೆ, ಪಕ್ಕಕ್ಕೆ ಬರೋ ಹಾಗೆ ಟೇಬಲ್ ತಿರುಗಿಸಬೇಕು. ಓಡಾಡೋ ದಾರಿಯಲ್ಲಿ ಫೈಲ್ ಗಂಟು, ಸ್ಟೂಲು ಇರಬಾರದು. ಎಲ್ಲಕ್ಕಿಂತ ದೊಡ್ಡ ಶತ್ರು ಅರ್ಧ ತೆರೆದ ಸ್ಟೀಲ್ ಬೀರು ಬಾಗಿಲು, ಪೂರ್ತಿ ತೆಗೀರಿ ಇಲ್ಲಾ ಪೂರ್ತಿ ಮುಚ್ಚಿ, ನನ್ನ ಹುಬ್ಬಿನ ಮೇಲೆ ಮೂರು ಹೊಲಿಗೆ ಇವೆ ಅದರಿಂದ. ಕತ್ತಲಾದ್ಮೇಲಿನ ಕೆಲಸ, ಚುನಾವಣೆ ಡ್ಯೂಟಿ ವಿನಾಯಿತಿನೂ ಕೇಳಲಿ. ಸಹಿಗೆ ಒಂದು ರಟ್ಟಲ್ಲಿ ಸಹಿ ಹಿಡಿಸೋ ಅಷ್ಟು ಉದ್ದದ ಕಿಂಡಿ ಕತ್ತರಿಸಿ ಕೊಡಿ, ಅದನ್ನ ಜಾಗದಲ್ಲಿಟ್ಟು ಒಳಗೆ ಸಹಿ ಮಾಡಿದ್ರೆ ಗೆರೆ ಬಿಟ್ಟು ಹೋಗಲ್ಲ. ಹಳೇ ಮದುವೆ ಕಾರ್ಡ್ ಸಾಕು.

ಅರ್ಜಿನ ಟಪಾಲಲ್ಲಿ ಕೊಟ್ಟು ಎರಡನೇ ಪ್ರತಿಗೆ ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ, ಇದು ಮರೀಬೇಡಿ. ಬಿಲ್ ತಪ್ಪಿಗೆ ಕಾರಣ ಕೇಳಿ ನೋಟಿಸ್ ಬರೋ ಮುಂಚೆನೇ ಇದು ದಾಖಲೆಗೆ ಹೋಗಿರಬೇಕು, ಆಮೇಲೆ ಹೇಳಿದ್ರೆ ನೆಪ ಅಂತಾರೆ. ನೋಟಿಸ್ ಬಂದುಬಿಟ್ಟಿದ್ರೆ ಸುಮ್ಮನಿರಬೇಡಿ, ಮೂರು ವರ್ಷದ ಹಿಂದಿನ ಡಾಕ್ಟ್ರ ಚೀಟಿ ಸಮೇತ ಉತ್ತರ ಕೊಡಿ. ಅರ್ಜಿಗೆ ಏನೂ ಆಗದಿದ್ರೆ ಕಲಂ 23ರ ಪ್ರಕಾರ ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಕುಂದುಕೊರತೆ ನಿವಾರಣಾ ಅಧಿಕಾರಿ ಇರಬೇಕು, ದೂರು ದಾಖಲಾಗಿ ಎರಡು ವಾರದೊಳಗೆ ವಿಚಾರಣೆ ಮಾಡಬೇಕು, ಅಲ್ಲೂ ಸಮಾಧಾನ ಆಗದಿದ್ರೆ ಜಿಲ್ಲಾ ಮಟ್ಟದ ಸಮಿತಿ. ಬೆಂಗಳೂರಲ್ಲಿ ವಿಕಲಚೇತನರ ರಾಜ್ಯ ಆಯುಕ್ತರಿದ್ದಾರೆ, ಅವರಿಗೆ ಸಾಕ್ಷಿ ಕರೆಸೋದು, ದಾಖಲೆ ತರಿಸೋದು ಇಂಥದ್ರಲ್ಲಿ ಸಿವಿಲ್ ಕೋರ್ಟಿನ ಅಧಿಕಾರ ಇದೆ. ಅಷ್ಟು ದೂರ ಹೋಗೋ ಪ್ರಮೇಯ ಬಹಳ ಸಲ ಬರಲ್ಲ, ಕಲಂ ನಂಬರ್ ಸರಿಯಾಗಿ ಬರೆದ ಅರ್ಜಿ ನೋಡಿದ್ರೆನೇ ಕಚೇರಿ ಸ್ವಲ್ಪ ಮೈಕೊಡವಿ ಏಳುತ್ತೆ.

ಖಾಸಗಿಯಲ್ಲಿರೋರು ಇದನ್ನ ಓದ್ತಿದ್ರೆ ಬೇಜಾರಿನ ವಿಷಯ, 20(4) ನಿಮಗಿಲ್ಲ. ಪ್ರತಿ ಕಂಪನಿಯೂ ಸಮಾನ ಅವಕಾಶ ನೀತಿ ಬರೆದು ಪ್ರಕಟಿಸಬೇಕು ಅಂತ ನಿಯಮ ಇದೆ, ಎಚ್‌ಆರ್ ಹತ್ರ ಮೊದಲು ಅದನ್ನ ಕೇಳಿ, ಆಮೇಲೆ ಮಾತು ಶುರು ಮಾಡಿ. ಬಾಯಿಮಾತಲ್ಲಿ ಬೇಡ, ಇಮೇಲ್‌ನಲ್ಲಿ.

ಮಗಳ ವಿಷಯ. ಆರ್‌ಪಿ ವಂಶವಾಹಿ ಕಾಯಿಲೆ ನಿಜ, ಆದ್ರೆ ಒಂದೇ ಥರ ಅಲ್ಲ, ಬೇರೆ ಬೇರೆ ಜೀನ್, ಬೇರೆ ಬೇರೆ ದಾರಿ. ನಿಮ್ಮದು ಸೋದರ ಸಂಬಂಧದ ಮದುವೆನಾ ಅನ್ನೋದನ್ನ ನೀವು ಬರೆದಿಲ್ಲ, ಡಾಕ್ಟ್ರು ಮೊದಲು ಕೇಳೋದೇ ಅದನ್ನ. ಯಜಮಾನರಿಗೆ ಜೆನೆಟಿಕ್ ಟೆಸ್ಟ್ ಮಾಡಿಸಿ ಕೌನ್ಸೆಲಿಂಗ್ ತಗೊಂಡ್ರೆ ಮಗಳಿಗೆ ಎಷ್ಟು ಸಾಧ್ಯತೆ ಅಂತ ಹೇಳಬಹುದು, ಅಲ್ಲಿಯವರೆಗೆ ಆ ಮಗುನ ಕತ್ತಲೆಯಲ್ಲಿ ನಡೆಸಿ ಪರೀಕ್ಷೆ ಮಾಡ್ತಾ ಹೆದರಿಸಬೇಡಿ. ಆ ಟೆಸ್ಟ್ ಇನ್ನೊಂದಕ್ಕೂ ಬೇಕು: ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕ ಜೀನ್ ಚಿಕಿತ್ಸೆ ಆರ್‌ಪಿಇ65 ಅನ್ನೋ ಒಂದೇ ಜೀನ್ ಕೆಟ್ಟವರಿಗೆ, ಎಲ್ಲಾ ಆರ್‌ಪಿಗೂ ಅಲ್ಲ. ಹನಿ ಹಾಕಿ ವಾಸಿ ಮಾಡ್ತೀವಿ ಅನ್ನೋರ ಹತ್ರ ನನ್ನ ತಂದೆ ಒಂದು ಎಕರೆ ಅಡಿಕೆ ತೋಟದ ಫಸಲು ಸುರಿದಿದಾರೆ, ನೀವು ಸುರೀಬೇಡಿ. ಆದ್ರೆ ಕಣ್ಣಿನ ಡಾಕ್ಟ್ರ ಹತ್ರ ವರ್ಷಕ್ಕೊಂದ್ಸಲ ಹೋಗೋದು ಬಿಡಬೇಡಿ, ಆರ್‌ಪಿಯವರಿಗೆ ಬೇಗನೇ ಪೊರೆ ಬರೋದುಂಟು, ಅದನ್ನ ತೆಗೆಸಿದ್ರೆ ಇರೋ ಕಿಂಡಿಯಾದ್ರೂ ತಿಳಿಯಾಗುತ್ತೆ.

ಈ ಉತ್ತರನ ನೀವೇ ಓದಿ ಹೇಳಬೇಡಿ ಅವರಿಗೆ. ಫೋನಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿ ಕೊಡಿ, ಅದೇ ಓದುತ್ತೆ, ಯೂನಿಕೋಡಲ್ಲೇ ಬರೆದಿದೀನಿ.